ಉಪವಾಸ ಬಿಡುವ ಹೊತ್ತಿಗೆ ಎಣಿಸಿದ ಹನ್ನೊಂದು ವಾಹನ

ಕೈರೋದ ಗಾಳಿಯನ್ನು ಕುರ್ಚಿಯಿಂದೇಳದೆ ಅಳೆಯಬಲ್ಲ ಮಾನ್ಯ ಅಧಿಕಾರಿಗಳೇ,

ಶುಬ್ರಾದ ನಮ್ಮ ಬೀದಿಯ ಗಾಳಿ ಸಮುದ್ರತೀರದಷ್ಟು ಶುದ್ಧವೆಂದು ವಾಹನಗಳ ಲೆಕ್ಕದಿಂದ ಗಾಳಿ ಅಳೆಯುವ ತಮ್ಮ ಕಂಪ್ಯೂಟರ್ ಮಾದರಿ ಸಾರಿದೆಯಂತೆ. ಇಷ್ಟು ಒಳ್ಳೆಯ ಗಾಳಿ ಪೋಲಾಗಬಾರದೆಂದು, ಬರುವ ತಿಂಗಳಿಂದ ನೂರಿಪ್ಪತ್ತು ಮೈಕ್ರೋಬಸ್ಸುಗಳ ನಿಲ್ದಾಣವನ್ನು ಹೆಣ್ಣುಮಕ್ಕಳ ಶಾಲೆಯ ಗೇಟಿನೆದುರಿಗೇ ತರುತ್ತಿದ್ದೀರಂತೆ. ತಮ್ಮ ಔದಾರ್ಯಕ್ಕೆ ಶರಣು! ಆ ಶಾಲೆಯ ಎರಡನೇ ತರಗತಿಯಲ್ಲಿ ನನ್ನ ಮೊಮ್ಮಗಳು ರೀತಾಜ್ ಓದುತ್ತಾಳೆ. ಅವಳಿಗೆ ಆಸ್ತಮಾ.

ಮಾದರಿ ಯಾಕೆ ಹೀಗೆ ಹೇಳಿತೆಂದು ನನಗೆ ಗೊತ್ತು. ರಂಜಾನಿನಲ್ಲಿ ನಮ್ಮ ಬೀದಿಯಲ್ಲಿ ದಾರಿಹೋಕರಿಗೆಲ್ಲ ಊಟದ ಮೇಜು ಹಾಕುತ್ತೇವೆ, ಬಡಿಸುವವಳು ನಾನು. ವಾಹನ ಎಣಿಸಲು ತಾವು ಕಳಿಸಿದ ಹಮ್ದಿ ಎಂಬ ಮಹಾಶಯ ಬಂದದ್ದು ಸರಿಯಾಗಿ ಉಪವಾಸ ಬಿಡಲು ಸಂಜೆಯ ತೋಪು ಹಾರಿಸುವ ಹೊತ್ತಿಗೆ. ಊರಿಗೆ ಊರೇ ತಟ್ಟೆಯ ಮುಂದೆ ಕೂತು, ರಸ್ತೆಯಲ್ಲಿ ನರಪಿಳ್ಳೆಯೂ ಕಾಣದ ಅರ್ಧ ಗಂಟೆ ಅದು.

"ಏನಪ್ಪಾ, ಎಣಿಸಿ ಆಯ್ತಾ?" ಅಂದೆ.

"ಎಣಿಸ್ತಾನೇ ಇದೀನಿ ಅಜ್ಜೀ. ಇನ್ನೊಂದ್ ಸೌಟು ಸೊಪ್ಪಿನ ಸಾರು ಹಾಕಿ."

"ಅಲ್ಲಯ್ಯಾ, ಈಗ ಯಾವ ಗಾಡಿ ಬರುತ್ತೆ? ಮಧ್ಯಾಹ್ನ ಸ್ಕೂಲ್ ಬಿಡೋ ಹೊತ್ತಿಗೆ ಬಾ."

"ಆ ಬಿಸಿಲಲ್ಲಿ, ಖಾಲಿ ಹೊಟ್ಟೇಲಿ ಯಾರು ನಿಲ್ತಾರೆ? ಉಳಿದಿದ್ದನ್ನ ಕಂಪ್ಯೂಟರ್ ನೋಡ್ಕೊಳ್ಳುತ್ತೆ ಬಿಡಿ."

ನೋಡಿಕೊಂಡಿತಲ್ಲ! ಆ ಅರ್ಧ ಗಂಟೆಯಲ್ಲಿ ಅವನು ಎಣಿಸಿದ ಹನ್ನೊಂದು ವಾಹನವನ್ನೇ ಇಡೀ ದಿನಕ್ಕೂ ಇಡೀ ವರ್ಷಕ್ಕೂ ಹಿಗ್ಗಿಸಿತು. ಅದರಲ್ಲೊಂದು ಕತ್ತೆ ಎಳೆಯುವ ಗಾಡಿ. ಅದು ಬಿಟ್ಟ ಹೊಗೆಯನ್ನು ಯಾವ ಲೆಕ್ಕಕ್ಕೆ ಹಿಡಿದಿರೋ ತಾವೇ ಬಲ್ಲಿರಿ. ಬೇವು ಬಿತ್ತಿದರೆ ಮಾವು ಬೆಳೆಯುವುದುಂಟೇ, ಮಾನ್ಯರೇ?

ತಮ್ಮ ಕಚೇರಿಗೂ ಬಂದೆ. ಗುಮಾಸ್ತರು ಬಣ್ಣದ ನಕ್ಷೆ ತೋರಿಸಿ, "ನೋಡಿ ತಾಯಿ, ನಿಮ್ಮ ಬೀದಿ ಅಚ್ಚ ಹಸಿರು" ಅಂದರು. "ಹಾಗಾದ್ರೆ ಮಗು ಯಾಕಪ್ಪಾ ಕೆಮ್ಮುತ್ತೆ?" ಅಂದೆ. "ಮಕ್ಕಳು ಕೆಮ್ಮೋದು ಇದ್ದದ್ದೇ" ಅಂದರು. ಕಳೆದ ಚಳಿಗಾಲದಲ್ಲಿ ಇದೇ ಬೀದಿಯ ಹೊಗೆಗೆ ಅವಳ ತುಟಿ ನೀಲಿಯಾಗಿ, ಎತ್ತಿಕೊಂಡು ಆಸ್ಪತ್ರೆಗೆ ಓಡಿದವಳು ನಾನು. ಅದಕ್ಕೆ ತಮ್ಮ ನಕ್ಷೆಯಲ್ಲಿ ಯಾವ ಬಣ್ಣ?

ಕೇಳುವುದಿಷ್ಟೇ: ಕೆಲಸದ ದಿನ, ಶಾಲೆ ಬಿಡುವ ಹೊತ್ತಿಗೆ, ತಾವೇ ಬಂದು ಎಣಿಸಿ. ಅಲ್ಲಿಯವರೆಗೆ ಒಂದು ಮೈಕ್ರೋಬಸ್ಸೂ ಇಲ್ಲಿಗೆ ಬರಕೂಡದು. ಬಂದರೆ, ತಾಯಂದಿರೂ ಅಜ್ಜಿಯರೂ ಆ ಜಾಗದಲ್ಲೇ ಕುರ್ಚಿ ಹಾಕಿ ಕೂರುತ್ತೇವೆ. ನಿಲ್ದಾಣದ ಸುದ್ದಿ ಕೇಳಿದ ರೀತಾಜ್ ಮೊನ್ನೆ ಅಂದಳು: "ಅಜ್ಜೀ, ಗೇಟಿಂದ ಮನೇವರೆಗೂ ಉಸಿರು ಹಿಡ್ಕೊಂಡೇ ಬರ್ತೀನಿ. ಈಗ್ಲಿಂದ್ಲೇ ಅಭ್ಯಾಸ ಮಾಡ್ತಿದೀನಿ." ಗೇಟಿನಿಂದ ಮನೆಗೆ ನಾನೂರು ಹೆಜ್ಜೆ. ಅವಳಿಗೆ ಹದಿನಾಲ್ಕಕ್ಕೇ ಕೆಮ್ಮು ಬರುತ್ತದೆ.

ಇಂತಿ,
ತಮ್ಮ ಉತ್ತರ ಬರುವವರೆಗೆ ಕಿಟಕಿ ತೆರೆಯಲಾರದ
ದವ್ಲತ್ ಅಜ್ಜಿ