ಎರಡನೇ ಗೋಲ್‌ಕೀಪರ್

ಏಪ್ರಿಲ್ 27, ಸೋಮವಾರ. ಬೆಳಿಗ್ಗೆ 8.40

ಹಲ್ಲು ಕಟ್ಟುವ ನಮ್ಮ ಲ್ಯಾಬ್‌ಗೆ ಎಲ್ಲರಿಗಿಂತ ಮೊದಲು ಬಂದೆ. ಫರ್ನೇಸ್ ಹಚ್ಚಿದೆ. ಶೇಡ್ ಗೈಡ್ ಒರೆಸಿದೆ — ಹದಿನಾರು ಬಣ್ಣದ ಹದಿನಾರು ಮಾದರಿ ಹಲ್ಲು, ಸಾಲಾಗಿ. ಆಮೇಲೆ ಫೋನ್ ನೋಡಿದೆ. ನೋಡಬಾರದಿತ್ತು.

ಈ ಸುತ್ತಿನಲ್ಲಿ ಹಲ್ಲುಪುಡಿಗೆ 71 ಅಂಕ. ನನಗೆ 44.

ಅವಳು ಇಲ್ಲಿಗೆ ಸೇರಿ ಎರಡು ವರ್ಷ. ಪಾಲಿಶ್ ಮಾಡಿದ ಪುಡಿ ಸದಾ ತಲೆಯ ಮೇಲೆ, ಅದಕ್ಕೇ ಆ ಹೆಸರು. ನಿಜವಾದ ಆಟಗಾರರನ್ನು ಆರಿಸಿ, ಅವರ ಆಟದಿಂದ ಅಂಕ ಗಳಿಸುವ ನಮ್ಮ ಫೋನ್ ಲೀಗ್‌ನಲ್ಲಿ ಈಗ ಅವಳಿಗೆ ಮೊದಲ ಸ್ಥಾನ. ನಾನು ಎರಡನೆಯವನು.

ಹೋದ ತಿಂಗಳು ಯಜಮಾನರು ಹೇಳಿದ್ದರು: “ನೀವಿಬ್ರೂ ಕೆಲಸದಲ್ಲಿ ಸಮ. ಕಿಟಕಿ ಪಕ್ಕದ ಟೇಬಲ್ ಯಾರಿಗೆ ಕೊಟ್ರೂ ಇನ್ನೊಬ್ರು ಮುಖ ಊದಿಸ್ಕೊಳ್ತೀರಿ. ನಿಮ್ಮ ಫುಟ್‌ಬಾಲ್ ಲೀಗ್ ಗೆದ್ದೋರು ಕೂತ್ಕೊಳ್ಳಿ. ನನಗೂ ತಲೆನೋವಿಲ್ಲ.” ಒಪ್ಪಿದ್ದು ನಾನೇ. ಫ್ಯಾಂಟಸಿ ಲೀಗ್ ಅಂದರೆ ಅದೃಷ್ಟ ಅಲ್ಲ ಸಾರ್, ಲೆಕ್ಕ — ಎಂದು ಎದೆ ತಟ್ಟಿಕೊಂಡವನೂ ನಾನೇ.

ಹಲ್ಲಿನ ಬಣ್ಣ ಹಗಲು ಬೆಳಕಿನಲ್ಲಿ ಮಾತ್ರ ನಿಜ ಹೇಳುತ್ತದೆ. ಟ್ಯೂಬ್‌ಲೈಟ್ ಕೆಳಗೆ ಕೂತು ಮಾಡಿದ ನನ್ನ ಎರಡು ಹಲ್ಲಿನ ಕ್ಯಾಪ್ ಮಾರ್ಚ್‌ನಲ್ಲಿ ಡಾಕ್ಟರಿಂದ ವಾಪಸ್ ಬಂದವು. ಹಳದಿ ಜಾಸ್ತಿಯಂತೆ. ಮೂರನೆಯದು ಬಂದರೆ ನನ್ನನ್ನು ಪಾಲಿಶಿಂಗ್ ಕೆಲಸಕ್ಕೆ ಹಾಕುವುದಾಗಿ ಹೇಳಿದ್ದಾರೆ ಯಜಮಾನರು. ಇಪ್ಪತ್ತೆರಡು ವರ್ಷ ಹಲ್ಲಿಗೆ ಬಣ್ಣ ಕಟ್ಟಿದವನು… ಕಿಟಕಿ ಬೇಕೇ ಬೇಕು.

ಏಪ್ರಿಲ್ 29, ಬುಧವಾರ

ಊಟದ ಹೊತ್ತಿಗೆ ಕೇಳಿಯೇಬಿಟ್ಟೆ. “ಏನಮ್ಮಾ, ತಂಡಾನ ಹೇಗೆ ಆರಿಸ್ತೀಯ?”

“ಹಲ್ಲು ನೋಡಿ, ಅಣ್ಣ.”

“ಏನು?”

“ಫೋಟೋದಲ್ಲಿ ನಗ್ತಾರಲ್ಲ. ಮುಂದಿನ ಹಲ್ಲು ಸವೆದಿದ್ರೆ ಹಲ್ಲು ಕಡಿಯೋ ಆಸಾಮಿ. ಅಂಥೋರು ಕೊನೇ ಹತ್ತು ನಿಮಿಷಾನೂ ಬಿಡಲ್ಲ.”

ಅಚ್ಚು ಸುರಿಯುವ ಪ್ಲಾಸ್ಟರ್‌ನವನು ನಕ್ಕು ನಕ್ಕು ಕೆಮ್ಮಿದ. “ಗುರುಗಳೇ, ನಿಮ್ಮ ನೀಲಿ ಪುಸ್ತಕ ತೂಕಕ್ಕೆ ಹಾಕ್ಬಿಡಿ!”

ಯಾರ ಕಿವಿಗೆ ಹೂ ಇಡುತ್ತಿದ್ದಾಳೆ? ನೀಲಿ ಪುಸ್ತಕದಲ್ಲಿ ಇಡೀ ಸೀಸನ್ ಇದೆ. ಯಾರಿಗೆ ಮಂಡಿ ನೋವು, ಯಾರು ಮಳೆಯಲ್ಲಿ ಜಾರುತ್ತಾನೆ, ಯಾವ ರೆಫರಿ ಪೆನಾಲ್ಟಿ ಕೊಡುವುದರಲ್ಲಿ ಧಾರಾಳಿ — ಎಲ್ಲ. ಮೇಲಿನ ಡ್ರಾಯರ್‌ನಲ್ಲಿ, ಮುಗಿದ ಕ್ಯಾಪ್‌ಗಳ ಟ್ರೇ ಪಕ್ಕದಲ್ಲೇ ಇಡುತ್ತೇನೆ.

ಊಟವಾದ ಮೇಲೆ ಹೊರಗೆ ಒಂದು ಸುತ್ತು ಹಾಕಿ ಬರುವುದು ನನ್ನ ರೂಢಿ. ಇವತ್ತು ಬಂದು ನೋಡಿದರೆ ಡ್ರಾಯರ್ ಬೆರಳಿನಷ್ಟು ತೆರೆದಿತ್ತು. ನಾನು ಮುಚ್ಚಿದ್ದೆ.

ಮೇ 4, ಸೋಮವಾರ

ಅವಳ ಕ್ಯಾಪ್ಟನ್, ನನ್ನ ಕ್ಯಾಪ್ಟನ್ — ಒಬ್ಬನೇ. ಫೋಟೋ ದೊಡ್ಡದು ಮಾಡಿ ನೋಡಿದೆ. ಅವನು ಬಾಯಿ ಮುಚ್ಚಿಕೊಂಡಿದ್ದಾನೆ. ಯಾವ ಹಲ್ಲು ಕಂಡಿತಂತೆ ಅವಳಿಗೆ?

ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. “ಕೆಲವ್ರಿಗೆ ಬೇರೆಯವರ ಡ್ರಾಯರ್ ಅಂದ್ರೆ ಬಹಳ ಪ್ರೀತಿ.” ಅವಳ ಕೈಯಿಂದ ಬ್ರಷ್ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಮೇ 14, ಗುರುವಾರ

ಹತ್ತು ದಿನ ಬರೆಯಲಿಲ್ಲ. ನೀಲಿ ಪುಸ್ತಕ ಓದುವವಳು ಇದನ್ನು ಬಿಡುತ್ತಾಳೆಯೇ? ಡೈರಿಯನ್ನು ಮನೆಯಲ್ಲೇ ಶೂ ಡಬ್ಬಿಯಲ್ಲಿ ಇಟ್ಟಿದ್ದೆ.

ಪರೀಕ್ಷೆ ಮಾಡಿದೆ. ಡ್ರಾಯರ್ ಸಂದಿಗೆ ಮೇಣದ ಎಳೆ ಅಂಟಿಸಿ ಹೊರಗೆ ಹೋದೆ. ಮೂರು ದಿನ ಅಂಟಿಸಿದೆ, ಮೂರು ದಿನವೂ ಮುರಿದಿತ್ತು. ಇನ್ನೇನು ಸಾಕ್ಷಿ ಬೇಕು?

ಹೆಂಡತಿಗೆ ಹೇಳಿದೆ. ಬಟ್ಟೆ ಮಡಿಸುತ್ತಾ ಅಂದಳು, “ರೀ, ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ. ಆ ಹುಡುಗೀನ ಅವಳ ಪಾಡಿಗೆ ಬಿಡಿ. ಮೊದ್ಲು ಹೋಗಿ ಕಣ್ಣು ತೋರಿಸ್ಕೊಳ್ಳಿ. ನೀಲಿ ಕಾಲುಚೀಲಕ್ಕೆ ಕರಿ ಕಾಲುಚೀಲ ಜೋಡಿ ಮಾಡಿದೀರಿ, ನೋಡಿ ಇಲ್ಲಿ.”

ಕಣ್ಣು ಸರಿಯಾಗಿಯೇ ಇದೆ. ಬೆಳಕು ಸರಿಯಿಲ್ಲ.

ಮೇ 22, ಶುಕ್ರವಾರ. ಸಂಜೆ

ನಾಳೆ ಕೊನೆಯ ಸುತ್ತು. ಅವಳು ನನಗಿಂತ ಹನ್ನೊಂದು ಅಂಕ ಮುಂದೆ.

ಗಾಳ ಹಾಕಿದ್ದೇನೆ. ನೀಲಿ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ “ಅಂತಿಮ ತಂಡ” ಎಂದು ಬರೆದು, ಹುಡುಕಿ ಹುಡುಕಿ ಹನ್ನೊಂದು ದಂಡಪಿಂಡಗಳನ್ನು ಸೇರಿಸಿದೆ. ಸ್ಟ್ರೈಕರ್ — ಹತ್ತು ತಿಂಗಳಿಂದ ಗೋಲು ಕಾಣದವನು. ಡಿಫೆಂಡರ್ — ನಾಳೆಯೇ ನಿವೃತ್ತಿಯಾಗುವ ಮುದುಕ. ಕ್ಯಾಪ್ಟನ್ — ಸೀಸನ್ ಪೂರ್ತಿ ಬೆಂಚು ಬಿಸಿ ಮಾಡಿದ ಎರಡನೇ ಗೋಲ್‌ಕೀಪರ್! ಕ್ಯಾಪ್ಟನ್‌ಗೆ ಅಂಕ ದುಪ್ಪಟ್ಟು. ಸೊನ್ನೆಯ ದುಪ್ಪಟ್ಟು ಸೊನ್ನೆ. ದಿನವಿಡೀ ಡ್ರಾಯರ್‌ನಲ್ಲಿಟ್ಟು ಸಂಜೆ ಮನೆಗೆ ತಂದೆ. ಮೇಣದ ಎಳೆ ಇವತ್ತೂ ಮುರಿದಿತ್ತು.

ನಿಜವಾದ ತಂಡ ತಲೆಯಲ್ಲಿದೆ. ನಾಳೆ ಮಧ್ಯಾಹ್ನ ಒಂದು ಗಂಟೆಗೆ ತಂಡ ಹಾಕುವ ಬಾಗಿಲು ಮುಚ್ಚುತ್ತದೆ. ಐದು ನಿಮಿಷ ಮುಂಚೆ ಹಾಕುತ್ತೇನೆ. ಯಾರನ್ನೂ ನಂಬುವ ಹಾಗಿಲ್ಲ.

ಮೇ 23, ಶನಿವಾರ. ಸಂಜೆ 5

ಹಾಳಾಯಿತು. ಎಲ್ಲ ಹಾಳಾಯಿತು.

ಹನ್ನೆರಡಕ್ಕೆ ತುರ್ತು ಕೆಲಸ ಬಂತು. ನಾಟಕದ ನಟನೊಬ್ಬನ ಮುಂದಿನ ಹಲ್ಲು ಮುರಿದಿದೆ, ಸಂಜೆ ಪ್ರದರ್ಶನ. ಯಜಮಾನರು ನನ್ನನ್ನೇ ಪಿಂಗಾಣಿ ಕೋಣೆಗೆ ತಳ್ಳಿದರು. ಅಲ್ಲಿಗೆ ಫೋನ್ ಒಯ್ಯುವ ಹಾಗಿಲ್ಲ. ಹೊರಗೆ ಬಂದಾಗ ಒಂದೂ ನಲವತ್ತು.

ಕಾಲೆಳೆದುಕೊಂಡು ಮನೆಗೆ ಬಂದೆ. ಹೆಂಡತಿಯ ಮುಖ ಅರಳಿತ್ತು.

“ನಿಮ್ಮ ತಂಡ ಹಾಕಿದೀನಿ ಬಿಡಿ. ಹನ್ನೆರಡೂವರೆಗೆ ನನ್ನ ಫೋನಲ್ಲಿ ನೋಡಿದೆ, ಏನೂ ಹಾಕಿರ್ಲಿಲ್ಲ. ಪುಸ್ತಕದಲ್ಲಿ ಅಂತಿಮ ತಂಡ ಅಂತ ಬರೆದಿದ್ರಲ್ಲ, ಅದನ್ನೇ ಒಂದೊಂದಾಗಿ ಒತ್ತಿದೆ. ಕ್ಯಾಪ್ಟನ್ನೂ ಸೇರಿ. ಪಾಸ್‌ವರ್ಡ್ ಮಗಳ ಹುಟ್ಟಿದ ದಿನಾನೇ ತಾನೆ?”

ಪಾಪ, ಕನ್ನಡಕ ಹಾಕಿಕೊಂಡು ಹನ್ನೊಂದು ಹೆಸರು ಹುಡುಕಿದ್ದಾಳೆ. ನಾನು ತೋಡಿದ ಹಳ್ಳಕ್ಕೆ ನಾನೇ ಬಿದ್ದೆ.

ಮೇ 25, ಸೋಮವಾರ

ಫಲಿತಾಂಶವನ್ನು ಮೂರು ಸಲ ತೆಗೆದು ನೋಡಿದೆ.

ಮೊದಲನೇ ಗೋಲ್‌ಕೀಪರ್‌ಗೆ ಅಭ್ಯಾಸದ ಹೊತ್ತಿನಲ್ಲೇ ಕಾಲು ಹಿಡಿದುಕೊಂಡಿತು. ಎರಡನೆಯವನು ಇಳಿದ. ಎರಡು ಪೆನಾಲ್ಟಿ ತಡೆದ. ಬೀಳ್ಕೊಡುಗೆ ಎಂದು ಮುದುಕ ಡಿಫೆಂಡರ್‌ಗೆ ಪೆನಾಲ್ಟಿ ಹೊಡೆಯಲು ಕೊಟ್ಟರು — ಗೋಲು. ಹತ್ತು ತಿಂಗಳ ಉಪವಾಸದ ಸ್ಟ್ರೈಕರ್‌ನ ಬೆನ್ನಿಗೆ ಬಡಿದ ಚೆಂಡು ಒಳಗೆ ಹೋಯಿತು. ಬೆನ್ನಿಗೆ! ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.

ನನಗೆ 83. ಅವಳಿಗೆ 71. ಒಂದೇ ಒಂದು ಅಂಕದಲ್ಲಿ ಲೀಗ್ ನನ್ನದು.

ಲ್ಯಾಬ್‌ನಲ್ಲಿ ಚಪ್ಪಾಳೆ. ಯಜಮಾನರು ಹೆಗಲ ಮೇಲೆ ಕೈ ಹಾಕಿದರು. “ಏನಯ್ಯಾ, ಆ ಗೋಲ್‌ಕೀಪರ್ ಆಡ್ತಾನೆ ಅಂತ ಹೇಗಯ್ಯಾ ಗೊತ್ತಾಯ್ತು?”

“ಲೆಕ್ಕ ಸಾರ್” ಎಂದೆ. ನಾಲಿಗೆ ಹೇಗೆ ಹೊರಳಿತೋ.

ಹಲ್ಲುಪುಡಿ ಬಂದು ಕೈ ಕುಲುಕಿದಳು. “ಬೆಂಚಲ್ಲಿರೋನನ್ನ ಕ್ಯಾಪ್ಟನ್ ಮಾಡೋಕೆ ಗುಂಡಿಗೆ ಬೇಕು, ಅಣ್ಣ.” ನಿಜವಾಗಿಯೂ ಖುಷಿಪಟ್ಟ ಹಾಗಿತ್ತು. ಅದೇ ಅನುಮಾನ.

ಅವಳ ತಂಡ ತೆಗೆದು ನೋಡಿದೆ. ನನ್ನ ಗಾಳದ ಹನ್ನೊಂದರಲ್ಲಿ ಒಬ್ಬನೂ ಇಲ್ಲ. ಇರುವವರೆಲ್ಲ ಬಾಯ್ತುಂಬ ನಗುವವರು, ಹಲ್ಲು ಸವೆದವರು.

ಹಾಗಾದರೆ ಡ್ರಾಯರ್‌ನಲ್ಲಿ ಅವಳಿಗೇನು ಕೆಲಸ?

ಮೇ 26, ಮಂಗಳವಾರ. ಊಟದ ಹೊತ್ತು

ಡೈರಿ ಜೊತೆಗೇ ತಂದಿದ್ದೇನೆ. ಕಿಟಕಿ ಟೇಬಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ.

ಎಂಥ ಬೆಳಕು! ಬೆಳಿಗ್ಗೆ ಮುಗಿಸಿದ ಕ್ಯಾಪ್ ಅನ್ನು ಶೇಡ್ ಗೈಡ್ ಪಕ್ಕ ಹಿಡಿದೆ. ಎರಡೂ ಒಂದೇ. ಒಂದು ಮೆಟ್ಟಿಲು ಹೆಚ್ಚು ಹಳದಿಯ ಮಾದರಿ ಹಿಡಿದೆ — ಅದೂ ಒಂದೇ. ಇನ್ನೊಂದು ಹಿಡಿದೆ. ಅದೂ… ಕಿಟಕಿ ಪೂರ್ತಿ ತೆರೆದೆ. ಕಣ್ಣು ಉಜ್ಜಿದೆ. ಒಂದೇ.

ಅಚ್ಚು ಹೊತ್ತು ಹೋಗುತ್ತಿದ್ದ ಪ್ಲಾಸ್ಟರ್‌ನವನು ಎರಡು ಹೆಜ್ಜೆ ದೂರದಿಂದಲೇ ಅಂದ, “ಹಳದಿ ಜಾಸ್ತಿ ಆಯ್ತು, ಗುರುಗಳೇ. ಇರ್ಲಿ ಬಿಡಿ, ಹೇಗೂ ಅವಳು ತಿದ್ತಾಳೆ.”

“ಯಾರು?”

“ಹಲ್ಲುಪುಡಿ. ನೀವು ಸುತ್ತು ಹಾಕೋಕೆ ಹೋದಾಗ ದಿನಾ ನಿಮ್ಮ ಟ್ರೇ ತಗೊಂಡು ಕಿಟಕಿ ಹತ್ರ ಬರ್ತಾಳಲ್ಲ. ಬಣ್ಣ ತಿದ್ದಿ, ಇನ್ನೊಂದ್ಸಲ ಸುಟ್ಟು, ವಾಪಸ್ ಇಡ್ತಾಳೆ. ಆರು ತಿಂಗಳಾಯ್ತು. ನೀವೇ ಹೇಳಿರ್ಬೇಕು ಅಂದ್ಕೊಂಡಿದ್ದೆ.”

ಮಾರ್ಚ್‌ನಲ್ಲಿ ಅವಳು ಒಂದು ವಾರ ರಜೆಯಲ್ಲಿದ್ದಳು. ವಾಪಸ್ ಬಂದ ಎರಡೂ ಕ್ಯಾಪ್ ಅದೇ ವಾರದವು.

ನಾಚಿಕೆಯಾಗುತ್ತಿದೆ. ಅದಕ್ಕಿಂತ ಹೆಚ್ಚು ಹೆದರಿಕೆ.

ಇವತ್ತು ಸುತ್ತು ಹಾಕಲು ಹೋಗಲಿಲ್ಲ. ಅವಳು ಕೈ ಒರೆಸಿಕೊಂಡು ನನ್ನ ಹಳೇ ಟೇಬಲ್ ಹತ್ತಿರ ಹೋದಳು. ಡ್ರಾಯರ್ ಎಳೆದಳು. ಖಾಲಿ. ತಲೆಯೆತ್ತಿ ನೋಡಿದಳು. ಟ್ರೇ ಇಲ್ಲಿದೆ, ನನ್ನ ಮುಂದೆ.

“ಬಾಮ್ಮ ಇಲ್ಲಿ” ಎಂದೆ. “ಬಾ, ಕೂತ್ಕೋ.” ಕುರ್ಚಿಯಿಂದ ಎದ್ದು ನಿಂತಿದ್ದೇನೆ. ನಿಂತೇ ಬರೆಯುತ್ತಿದ್ದೇನೆ. ಬರುತ್ತಿದ್ದಾಳೆ. ಮೊದಲು ಯಾವುದು ಹೇಳಲಿ — ಗೋಲ್‌ಕೀಪರ್‌ನ ವಿಷಯವೋ, ಕಣ್ಣಿನದೋ…