ಮುಂದಿನ ಗಾಲಿ ಕೆಳಗಿನ ಕೆಂಪು

ಅಂಕಲಿ, ತಾ. ಚಿಕ್ಕೋಡಿ
ಗುರುವಾರ, ೨೧ ನವೆಂಬರ್ ೨೦೨೪

ತಾಯಿ ಜಾಗಾದಾಗ ನಿಂತ ದುಂಡಕ್ಕಗ ತಮ್ಮ ಮುರಗೆಪ್ಪನ ಶರಣು.

ಅಕ್ಕಾ, ಆರಾಮ ಅದಿ ಏನು? ಮೊಣಕಾಲ ನೋವು ಹೆಂಗೈತಿ? ಯಡೂರಾಗ ಮುಂಜಾನೆ ಹೊಳಿ ಗಾಳಿ ಭಾಳ ಥಂಡಿ ಬೀಸತೈತಿ, ಕಿವಿಗಿ ಸೆರಗ ಬಿಗದ ಕಟಗೊಂಡ ಹೊರಗ ಬೀಳು. ಹಲ್ಲಿಗಿ ತಂಬಾಕದ ಮಿಸರಿ ಹಚ್ಚೂದು ಬಿಡು ಅಂತ ಡಾಕ್ಟರ್ ಹೇಳ್ಯಾರ, ನೀ ಬಿಟ್ಟಿರೂದಿಲ್ಲ, ಅದು ನನಗ ಗೊತ್ತೈತಿ. ಇಲ್ಲಿ ಲಕ್ಕವ್ವ ಆರಾಮ ಅದಾಳ, ಆದ್ರ ಈ ಗಂಡನ ಕೂಡ ಮಾತ ಬಿಟ್ಟಾಳ. ಗಂಗಾಳ ಮುಂದ ಇಟ್ಟು ಒಳಗ ಹೋಗತಾಳ, ರೊಟ್ಟಿ ಬೇಕೋ ಬ್ಯಾಡೋ ಅಂತ ಸೈತ ಕೇಳೂದಿಲ್ಲ. ಕೆಂದ ಆಕಳ ನಿನ್ನ ದನಿ ಇಲ್ಲದ ಹಾಲ ಬಿಡವಲ್ದು. ಮನ್ಯಾಗ ಎಲ್ಲಾರೂ ನಿನ್ನ ಕಡೆನ ಅದಾರ ಅಂತ ತಿಳಕೊ.

ಭಾಗ್ಯಾ, ನಿಮ್ಮವ್ವಗ ಈ ಪತ್ರ ನೀನ ಓದಿ ಹೇಳಬೇಕವ್ವಾ. ಫೋನ್ ಮಾಡಿದ್ರ ನೀ ಎತ್ತೂದಿಲ್ಲ, ಎತ್ತಿದ್ರೂ ನನ್ನ ಬಾಯಿ ಮ್ಯಾಲ ನನಗ ಭರೋಸಾ ಇಲ್ಲ. ಮುಂದ ಒಂದು ಕೆಟ್ಟ ಮಾತು ಬರತೈತಿ. ಅದನ್ನ ಜಿಗದ ಹೋಗಬ್ಯಾಡ. ಮಾಮಾ ಬಾಯಿಲೆ ಅಂದದ್ದನ್ನ ಮಾಮಾನ ಕೈಲೆ ಬರಿಯಾಕತ್ತಾನ, ಇದ್ದಂಗ ಓದು.

ಅಕ್ಕಾ, ಆ ಜೀಪಿನ ಹಕೀಕತ್ತು ನಿನಗ ಅರ್ಧಾನ ಗೊತ್ತೈತಿ. ಬ್ಯಾಸಗಿ ಮುಗದಾಗಿಂದ ಅದರ ಸ್ಟೇರಿಂಗ್ ಬಿಗಿಯಾಗಾಕತ್ತಿತ್ತು. ತಿರುವಿನ್ಯಾಗ ಕೋಣ ನರಳಿದಂಗ ನರಳತಿತ್ತು. ದಿನಾ ಮುಂಜಾನೆ ಮುಂದಿನ ಬಲಗಡೆ ಗಾಲಿ ಮಗ್ಗಲಕ ಕೆಂಪ ಹನಿ ಬಿದ್ದಿರತಿದ್ದುವು. ಅಮಾಸಿಗೊಮ್ಮೆ ನೀ ದೃಷ್ಟಿ ತೆಗದು ಅರಿಷಿಣ ಸುಣ್ಣದ ಕೆಂಪ ನೀರ ಚೆಲ್ಲತಿದ್ದದ್ದೂ ಅದ ಜಾಗಾದಾಗ. ಮೊದಲ ಅದ ನೀರಿನ ಕಲಿ ಅಂತ ಸುಮ್ಮನಿದ್ದೆ. ಅಮಾಸಿ ಹೋಗಿ ಹುಣ್ಣಿವಿ ಬಂದ್ರೂ ಕೆಂಪ ಹಂಗ ಇತ್ತು, ಮಣ್ಣ ಕೆರದ ಒಗದ್ರ ಮರದಿನಾ ಮತ್ತ ಬರತಿತ್ತು. ನನ್ನ ತಲ್ಯಾಗ ಹುಳಾ ಹೊಕ್ಕಿತು. ಆಮ್ಯಾಲ ನಿಪ್ಪಾಣಿಯಿಂದ ಬರೂ ಮುಂದ ಕೆನಾಲ ತಿರುವಿನ್ಯಾಗ ಸ್ಟೇರಿಂಗ್ ತಿರಗಲೇ ಇಲ್ಲ. ಜೀಪು ಸೀದಾ ಕಬ್ಬಿನಾಗ ಹೊಕ್ಕಿತು, ಲಕ್ಕವ್ವನ ಹಣಿ ಒಡೀತು. ಅವತ್ತ ನಾ ಹೆದರಿದೆ, ಅಕ್ಕಾ. ಹೆದರಿದ್ದನ್ನ ಯಾರ ಮುಂದೂ ಹೇಳದ ಕಾಗವಾಡದ ಕಡೆ ಒಬ್ಬ ದೇವರುಷಿ ಹತ್ತಿರ ಹೋದೆ. ಅಂವ ಅಕ್ಕಿಕಾಳ ಎಣಿಸಿ, ಇದು ಭಾನಾಮತಿ, ಹೊರಗಿನವರದಲ್ಲ, ಮನ್ಯಾಗಿನ ಕೈಯಿಂದನ ಆಗೇತಿ ಅಂದ. ಗ್ಯಾರೇಜಿಗಿ ಹೋಗೂ ಗಾಡೀನ ಬಿಟ್ಟು ನಾ ದೇವರುಷಿ ಕಡೆ ಹೋಗಿದ್ದೆ. ನನ್ನ ಬುದ್ಧಿ ಅಷ್ಟು.

ದೀವಳಿಗಿ ಅಮಾಸಿ ದಿನಾ ನೀ ಎಂದಿನಂಗ ತಂಬಿಗಿ ಹಿಡಕೊಂಡ ಬಂದಿ. ಗಾಡಿ ಪೂಜಾಕಂತ ಓಣಿ ಮಂದಿ ಕೂಡಿದ್ರು, ರಾವಸಾಹೇಬ ಸೈತ ಟೆಂಗಿನಕಾಯಿ ಹಿಡಕೊಂಡ ನಿಂತಿದ್ದ. ನಾ ನಿನ್ನ ಕೈಯಾಗಿನ ತಂಬಿಗಿ ಕಸಗೊಂಡೆ. ದೇವರುಷಿ ಎಲ್ಲಾ ಹೇಳ್ಯಾನ, ಈ ನೀರಾಗ ಏನ ಕಲಸಿದಿ ಹೇಳು ಅಂದೆ. ಅರಿಷಿಣ ಸುಣ್ಣ ಬಿಟ್ಟ ಏನ ಇರತೈತೋ ಹುಚ್ಚಾ ಅಂತ ನೀ ನಕ್ಕಿ. ಆ ನಗಿ ಕಂಡ ನನಗ ಸಿಟ್ಟ ನೆತ್ತಿಗೇರಿತು. ಗಂಡನ್ನ ನುಂಗಿದಾಕಿ, ಈಗ ತಮ್ಮನ ಮನಿ ನುಂಗಾಕ ನಿಂತಿ ಅಂದೆ. ಎಲ್ಲಾರ ಮುಂದ ಅಂದೆ. ಭಾಗ್ಯಾ, ಓದಿದಿ ಅಲ್ಲ? ಅಕ್ಕಾ, ನೀ ಒಳಗ ಹೋಗಿ ಎರಡ ಸೀರಿ ಚೀಲದಾಗ ಹಾಕ್ಕೊಂಡಿ, ಆಕಳ ಮೈಮ್ಯಾಲ ಕೈ ಆಡಿಸಿದಿ, ಮಗಳ ಮನಿಗಂತ ಯಡೂರ ಬಸ್ಸ ಹತ್ತಿದಿ. ಎರಡ ದಿನಕ್ಕ, ಅಕ್ಕ ತಮ್ಮಗ ಆರತಿ ಮಾಡೂ ಭಾವೂಬೀಜ ಬಂತು. ತಿಳುವಳಿಕಿ ಬಂದಾಗಿಂದ ಆ ದಿನಾ ನಿನ್ನ ಆರತಿ ಇಲ್ಲದ ನಾ ಉಂಡಿದ್ದಿಲ್ಲ. ಈ ಸಲ ಲಕ್ಕವ್ವ ನಾ ಕುಂದ್ರೂ ಮಣಿ ಹಾಕಿ, ರಂಗೋಲಿ ಬರದು, ಆ ಮಣಿ ಖಾಲಿನ ಬಿಟ್ಟಳು.

ನೀ ಹೋದ ಮ್ಯಾಲೂ ಕೆಂಪ ಹನಿ ನಿಲ್ಲಲಿಲ್ಲ. ನೀರ ಚೆಲ್ಲವರು ಯಾರೂ ಇಲ್ಲ, ಹನಿ ಮಾತ್ರ ದಿನಾ ಐತಿ. ಆವಾಗ ಮೊದಲ ಸಲ ಬಗ್ಗಿ ಕೈ ಬಟ್ಟಿಲೆ ಮುಟ್ಟಿ ನೋಡಿದೆ. ಜಿಡ್ಡ ಇತ್ತು, ನೀರ ಹಾಕಿದ್ರ ಹೋಗವಲ್ದು. ಲಾರಿ ಮ್ಯಾಲ ಇದ್ದ ಮಗ ಮಾದೇವಗ ಫೋನ್ ಹಚ್ಚಿ ಹೇಳಿದೆ. ಅಂವ ನಕ್ಕ. ಅಪ್ಪಾ, ಅದು ಪಾವರ್ ಸ್ಟೇರಿಂಗ್ ಎಣ್ಣಿ, ಬ್ಯಾಸಗ್ಯಾಗ ನೀ ಪೈಪ್ ಬದಲಿ ಮಾಡಿದಾಗ ಹೊಸಾದು ನಾನ ಹಾಕೇನಲ್ಲ, ಹೊಸಾ ಎಣ್ಣಿ ಕೆಂಪ ಇರತೈತಿ ಅಂದ. ನನಗೇನ ಗೊತ್ತು, ಹಳೇದು ಡಾಂಬರಿನಂಗ ಕರೇದು ಇಳದಿತ್ತು, ಹೊಸಾದು ಹಾಕೂ ಮುಂದ ನಾ ಚಾ ಕುಡಿಯಾಕ ಹೋಗಿದ್ದೆ. ಆಮ್ಯಾಲ ಮಾದೇವನ ನಗಿ ನಿಂತಿತು. ಇದಕ್ಕೇನ ಅತ್ತಿ ಮನಿ ಬಿಟ್ಟದ್ದು, ಆಕೀಗಿ ಏನಂದಿ ಅಪ್ಪಾ ಅಂತ ಕೇಳಿದ. ನಾ ಫೋನ್ ಇಟ್ಟೆ.

ಬೋಲ್ಟ ತಿರುವೂ ಪಾನಾ ತಗೊಂಡ ಜೀಪಿನ ಕೆಳಗ ಹೊಕ್ಕೆ. ಪಂಪಿಗಿ ಪೈಪ್ ಕೂಡೂ ಜಾಗಾದಾಗ ಬೋಲ್ಟಿನ ಸುತ್ತ ಎಣ್ಣಿ ಜಿನಗತಿತ್ತು. ಸೋರಿದ್ದನ್ನ ಬಿಗಿ ಮಾಡು, ಇಷ್ಟ ನನ್ನ ಶಾಣ್ಯಾತನ. ಬಿಗಿ ಮಾಡಿದಷ್ಟೂ ಹೆಚ್ಚ ಸೋರಿತು, ಒಂದ ಹನಿ ನನ್ನ ಹಣಿ ಮ್ಯಾಲ, ನೀ ಕುಂಕುಮ ಹಚ್ಚೂ ಜಾಗಾದಾಗ ಬಿತ್ತು. ಕಡೀಕ ಬೋಲ್ಟ ಬಿಚ್ಚಿದೆ. ಪೈಪಿನ ಆಕಡೆ ಈಕಡೆ ಎರಡೂ ಮಗ್ಗಲಕ ತಾಮ್ರದ ವಾಸರ್ ಇರಬೇಕು. ಒಂದ ಮಗ್ಗಲಕ ಇತ್ತು. ಇನ್ನೊಂದರ ಜಾಗಾದಾಗ ಸೈಕಲ್ ಟ್ಯೂಬಿನ ರಬ್ಬರ್ ತುಂಡು, ಎಣ್ಣಿ ಕುಡದು ನೆನದ ಹಪ್ಪಳದಂಗ ಮೆತ್ತಗಾಗಿತ್ತು. ಅದನ್ನ ನೋಡಿ ನಾ ಕೆಳಗ ಮಲಕೊಂಡಾಂವ ಹಂಗ ಮಲಕೊಂಡೆ. ಆ ತುಂಡು ಕತ್ತರಿಸಿದಾಂವ ನಾನ. ಪೈಪ್ ಬದಲಿ ಮಾಡೂ ಮುಂದ ವಾಸರ್ ಕಬ್ಬಿನ ರಾಡ್ಯಾಗ ಬಿತ್ತು. ಹುಡಕೂದ ಬ್ಯಾಸರಾಗಿ, ಇದರ ಮ್ಯಾಲ ನಡೀತೈತಿ ಬಿಡು ಅಂತ ಟ್ಯೂಬ್ ಕತ್ತರಿಸಿ ಹಾಕಿದ್ದೆ. ದೇವರುಷಿ ಹೇಳಿದ್ದು ಖರೇನ ಆತು ನೋಡು, ಮನ್ಯಾಗಿನ ಕೈಯಿಂದನ ಆಗಿತ್ತು. ಕುಣಿಯಾಕ ಬರದಾಂವ ನೆಲಾ ಡೊಂಕ ಅಂದಂಗ, ನಾ ನಿನ್ನ ತಂಬಿಗಿ ನೋಡಿದೆ, ನನ್ನ ಕೈ ನೋಡಕೊಳ್ಳಲಿಲ್ಲ.

ನಿಪ್ಪಾಣಿಗಿ ಹೋಗಿ ಹೊಸಾ ವಾಸರ್ ತಂದು ಹಾಕಿದೆ. ಎಣ್ಣಿ ತುಂಬಿ, ಗಾಡಿ ಚಾಲೂ ಇಟ್ಟು, ಒಳಗಿನ ಗಾಳಿ ಹೋಗೂ ಮಟ ಸ್ಟೇರಿಂಗ್ ಆಕಡೆ ಈಕಡೆ ತಿರಿವಿದೆ. ನರಳೂದು ನಿಂತಿತು. ಕೆಳಗ ರಟ್ಟ ಹಾಸಿದ್ರ ಒಂದ ಹನಿ ಬೀಳಲಿಲ್ಲ. ಅಷ್ಟಕ್ಕ ಮುಗದಿದ್ರ ನನಗ ಈ ಪತ್ರ ಬರದಾದ್ರೂ ಸಮಾಧಾನ ಆಗತಿತ್ತು. ಮರದಿನಾ ಊರ ಕಟ್ಟಿ ಮುಂದಿನ ಚಾದಂಗಡ್ಯಾಗ ರಾವಸಾಹೇಬ ಅಂದ, ನೋಡು ಮುರಗೆಪ್ಪಾ, ದುಂಡವ್ವ ಮನಿ ಬಿಟ್ಟಳು, ನಿನ್ನ ಗಾಡಿ ಸರಿ ಆತು, ದೇವರುಷಿ ಖರೇ ಮನಶ್ಯಾ. ಎಲ್ಲಾರೂ ಹೌದ್ಹೌದು ಅಂತ ತಲಿ ಹಾಕಿದ್ರು. ರಬ್ಬರ್ ತುಂಡು ನನ್ನ ಅಂಗಿ ಬಕ್ಕಣದಾಗ ಇತ್ತು, ಅಕ್ಕಾ. ತಗದ ತೋರಿಸಿದ್ರ ಮುಗೀತಿತ್ತು. ನಾ ತೋರಿಸಲಿಲ್ಲ. ಚಾ ಕುಡದ ಎದ್ದ ಬಂದೆ. ಅಮಾಸಿ ದಿನಾ ಅಂದದ್ದು ಸಿಟ್ಟಿನ ಮಾತು ಅಂತ ನೀ ಕ್ಷಮಾ ಮಾಡಬಹುದು. ಇದಕ್ಕ ಸಿಟ್ಟ ಸೈತ ಇರಲಿಲ್ಲ. ಮಂದಿ ಮುಂದ ನಾ ಸಣ್ಣಾಂವ ಆಗಬಾರದು ಅಂತ ನಿನ್ನ ಹೆಸರ ಹೊಲಸ ಆಗಾಕ ಬಿಟ್ಟೆ. ಆವತ್ತಿಂದ ಕನ್ನಡಿ ಮುಂದ ನಿಂತ ದಾಡಿ ಮಾಡಿಕೊಳ್ಳಾಕೂ ನಾಚಿಕಿ.

ಬಾ ಅಂತ ಕರಿಯೂ ಮಾರಿ ನನಗಿಲ್ಲ. ಅಳಿಯಂದಿರಿಗಿ ನಮಸ್ಕಾರ ಹೇಳು, ಭಾಗ್ಯಾನ ಮಕ್ಕಳಿಗಿ ಆಶೀರ್ವಾದ. ವೀರಭದ್ರ ದೇವರ ಮುಂದ ನಿಂತಾಗ ಈ ತಮ್ಮಗ ಶಾಪ ಹಾಕಬೇಕಂದ್ರ ಹಾಕು, ಮನ್ಯಾಗ ಉಳದವರಿಗಿ ಹತ್ತದಂಗ ಹಾಕು.

ನಿನ್ನ ಬೆನ್ನಿಗಿ ಬಿದ್ದಾಂವ,
ಮುರಗೆಪ್ಪ

ತಾ.ಕ.: ಪಾಕೀಟ ಅಂಟಿಸೂ ಮುಂದ ಬರಿಯಾಕತ್ತೇನಿ, ಕೈ ಇನ್ನೂ ಎಣ್ಣಿ ಐತಿ. ಈಗ ಹೊಸಾ ವಾಸರ್ ತಗದು ಆ ರಬ್ಬರ್ ತುಂಡ ಮತ್ತ ಹಾಕೇನಿ. ಜೀಪು ಕಟ್ಟಿ ಮುಂದ, ಚಾದಂಗಡಿ ಎದುರಿಗಿ ನಿಲ್ಲಿಸೇನಿ. ಇಂಜಿನ್ ಚಾಲೂ ಇಟ್ಟು ಕೆಳಗ ನನ್ನ ಬಿಳಿ ಧೋತರ ಹಾಸೇನಿ, ಆಗಲೇ ಕೆಂಪಾಗೇತಿ. ರಾವಸಾಹೇಬ ಬಂದು ಇದೇನೋ ಅಂದ. ನೀನ ಬಗ್ಗಿ ಮುಟ್ಟಿ ನೋಡು, ಅಕ್ಕ ಯಡೂರಾಗ ಅದಾಳ, ಸೋರಿಸಿದ ಕೈ ನಂದು ಅಂದೆ. ಎಲ್ಲಾರ ಮುಂದ ಅಂದೆ. ನೀ ಬರೂ ಮಟ ಗಾಡಿ ಅಲ್ಲೇ ನಿಂತಿರತೈತಿ, ದಿನಾ ಮಂದಿ ಮುಂದ ಚಾಲೂ ಮಾಡತೇನಿ, ಸೋರಲಿ. ರವಿವಾರ ನಾ ಬಸ್ಸಿಗಿ ಬರತೇನಿ. ಬಾಗಲಾ ತಗಿಲಿಲ್ಲಂದ್ರ ಭಾಗ್ಯಾನ ಮನಿ ಮುಂದಿನ ಕಟ್ಟಿ ಮ್ಯಾಲ ಕುಂತಿರತೇನಿ.