ನನ್ನ ತಮ್ಮ ಮುಗಿಸಿರಲಿಲ್ಲ

ಸುಮ್ಮನೆ ಕೂತಿರಲಾಗದ ಮಾನ್ಯ ಕುಲಪತಿಗಳೇ,

ಕಳೆದ ತಿಂಗಳು ನಿಮ್ಮ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಜಾಝ್ ವೃಂದದ ಕಾರ್ಯಕ್ರಮ ನಡೆಯಿತು. ಅತಿಥಿಯಾಗಿ ಬಂದಿದ್ದ ಗಿಟಾರ್ ವಾದಕ ನುಡಿಸುತ್ತಿದ್ದಾಗಲೇ ತಾವು ವೇದಿಕೆ ಹತ್ತಿ, ಮೈಕು ಹಿಡಿದು, ಎಲ್ಲರಿಗೂ ವಂದನೆ ಹೇಳಿ ಕಾರ್ಯಕ್ರಮ ಮುಗಿಸಿಬಿಟ್ಟಿರಿ. ಆ ಅತಿಥಿ ನನ್ನ ತಮ್ಮ. ಅವನು ಮುಗಿಸಿರಲಿಲ್ಲ. ಇಷ್ಟನ್ನು ನಿಮ್ಮ ಕಚೇರಿಯಲ್ಲಿ ಕೂತು ಹೇಳಿದೆ, ನಿಂತು ಹೇಳಿದೆ, ಫೋನಿನಲ್ಲೂ ಹೇಳಿದೆ. ಗೋಡೆಗೆ ಹೇಳಿದ ಹಾಗಾಯಿತು. ಅದಕ್ಕೇ ಈಗ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ.

‘ಅವರು ನುಡಿಸುತ್ತಿರಲಿಲ್ಲ, ಸುಮ್ಮನೆ ಕೂತಿದ್ದರು’ ಎಂದು ತಾವು ಹೇಳುವಿರಿ. ನಿಜ, ಅವನ ಕೈ ಆಡುತ್ತಿರಲಿಲ್ಲ. ಆದರೆ ಸ್ವಾಮಿ, ಕೈ ಆಡದಿದ್ದ ಮಾತ್ರಕ್ಕೆ ಮುಗಿಯಿತೆಂದು ನಿಮಗೆ ಹೇಳಿದವರು ಯಾರು? ನಿಮ್ಮ ವಿಶ್ವವಿದ್ಯಾಲಯದಲ್ಲಿ ಕೈ ಆಡದೆ ವರ್ಷಗಟ್ಟಲೆ ಕೂತ ಕಡತಗಳು ಎಷ್ಟಿಲ್ಲ? ಅವುಗಳ ಬಳಿ ಹೋಗಿ ಯಾರೂ ಚಪ್ಪಾಳೆ ತಟ್ಟಿ ಮುಕ್ತಾಯ ಹಾಡಿಲ್ಲವಲ್ಲ. ಆ ತಾಳ್ಮೆಯಲ್ಲಿ ಒಂದು ಚೂರನ್ನು ನನ್ನ ತಮ್ಮನಿಗೆ ಕೊಟ್ಟಿದ್ದರೆ ಈ ಪತ್ರ ಬರೆಯುವ ಕೆಲಸ ನನಗೂ ಓದುವ ಶಿಕ್ಷೆ ನಿಮಗೂ ಇರುತ್ತಿರಲಿಲ್ಲ.

ನನಗೆ ಸಂಗೀತ ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನನ್ನದು ಕನ್ನಡಕದ ಅಂಗಡಿ. ಮೇಲಿನ ಕೋಣೆಯಲ್ಲಿ ತಮ್ಮ ನುಡಿಸುತ್ತಿದ್ದರೆ ‘ಬಾಗಿಲು ಹಾಕ್ಕೊಳ್ಳೋ, ಲೆಕ್ಕ ತಪ್ಪುತ್ತೆ’ ಎಂದು ಕೂಗುತ್ತಿದ್ದವಳು ನಾನೇ. ಆದರೂ ಒಂದೇ ಮನೆಯಲ್ಲಿ ಇಷ್ಟು ಕಾಲ ಇದ್ದ ಮೇಲೆ ಕಿವಿಗೆ ಬಿದ್ದದ್ದು ಬೀಳುತ್ತದೆ. ಅವರ ಪದ್ಧತಿ ಹೀಗೆ. ಮೊದಲು ಎಲ್ಲರೂ ಸೇರಿ ರಾಗವನ್ನು ಒಮ್ಮೆ ನುಡಿಸುತ್ತಾರೆ. ಆಮೇಲೆ ಅದೇ ರಾಗದ ಸುತ್ತು ಮತ್ತೆ ಮತ್ತೆ ಬರುತ್ತಿರುತ್ತದೆ, ಒಬ್ಬೊಬ್ಬರೂ ಸರದಿಯ ಮೇಲೆ ಆ ಸುತ್ತಿನೊಳಗೆ ಬಂದು ತಮಗೆ ತೋಚಿದ್ದನ್ನು ಹೇಳುತ್ತಾರೆ. ಯಾರೂ ಬರೆದುಕೊಂಡು ಬಂದಿರುವುದಿಲ್ಲ. ಎಷ್ಟು ಹೊತ್ತು ಎಂದು ಗಡುವೂ ಇಲ್ಲ. ಮುಗಿಯಿತು ಎಂದು ತಿಳಿಸಲು ನುಡಿಸುವವನು ತಲೆಯಾಡಿಸುತ್ತಾನೆ, ಅಷ್ಟೇ. ಅಲ್ಲಿಯತನಕ ಉಳಿದವರು ಸುತ್ತು ಬಿಡುವ ಹಾಗಿಲ್ಲ. ಅವನು ನಡುವೆ ಸುಮ್ಮನಾದರೆ ಅವನ ಜಾಗವನ್ನು ತುಂಬುವ ಹಾಗೂ ಇಲ್ಲ. ನಿಮ್ಮ ವೃಂದಕ್ಕೆ ಈ ನಿಯಮ ಹಾಕಿಕೊಟ್ಟವನು ನನ್ನ ತಮ್ಮನೇ. ಆ ವೃಂದವನ್ನು ಕಟ್ಟಿದವನೂ ಅವನೇ, ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದ ಒಂದು ನೆಲಮಾಳಿಗೆಯಲ್ಲಿ. ಆಗ ತಾವಿನ್ನೂ ಈ ಪದವಿಗೆ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಎಡಗೈ ಬಿದ್ದುಹೋಯಿತು. ವ್ಯಾಯಾಮ ಮಾಡಿಸಿ ಮಾಡಿಸಿ ಕೈ ಮರಳಿತು, ಆದರೆ ತಂತಿ ಒತ್ತುವ ಬೆರಳುಗಳು ತಡ. ಅಂಗಿಯ ಗುಂಡಿ ಹಾಕಿಕೊಳ್ಳಲೂ ಒಂದು ಯುಗ. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಮಂಚದಡಿಗೆ ತಳ್ಳಿದ. ಒಂದು ದಿನ ಅಂಗಡಿಯಿಂದ ಊಟಕ್ಕೆ ಬಂದಾಗ ಮೇಲಿನಿಂದ ಸದ್ದು ಕೇಳಿತು. ಎರಡು ಮಾತು ನುಡಿಸುತ್ತಾನೆ, ನಿಲ್ಲಿಸುತ್ತಾನೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಎರಡು ಮಾತು. ಬಾಗಿಲ ಸಂದಿಯಲ್ಲಿ ಇಣುಕಿದೆ. ಕಣ್ಣು ಮುಚ್ಚಿಕೊಂಡು, ಬೆರಳುಗಳನ್ನು ತಂತಿಯ ಮೇಲೆ ಒಂದೊಂದಾಗಿ ಕೂರಿಸುತ್ತಿದ್ದ. ಎಲ್ಲವೂ ಕೂತ ಮೇಲೆ ಅವನ ಬಲಗಾಲಿನ ಹಿಮ್ಮಡಿ ನೆಲದಿಂದ ಮೇಲೇಳುತ್ತಿತ್ತು. ಹಿಮ್ಮಡಿ ನೆಲಕ್ಕೆ ಬಿದ್ದ ಕ್ಷಣವೇ ಗಿಟಾರು.

“ಬೆರಳು ಹೇಳಿದ ಮಾತು ಕೇಳಲ್ಲ ಅಕ್ಕ,” ಅಂದ. “ಸ್ವಲ್ಪ ಕಾದ್ರೆ ಕೇಳ್ತವೆ.”

ವೃಂದದ ಈಗಿನ ನಿರ್ದೇಶಕಿ, ಪಿಯಾನೋ ನುಡಿಸುವ ಹುಡುಗಿ, ಅವನ ಶಿಷ್ಯೆ. ಹುಡುಗಿ ಎನ್ನುವುದು ನನ್ನ ರೂಢಿ, ಅವಳಿಗೂ ಈಗ ಓದಲು ಬೇರೆ ಕನ್ನಡಕ ಬೇಕು. ಅವಳು ಮನೆಗೆ ಬಂದು, ಕಾಫಿ ಆರಿಹೋಗುವ ತನಕ ಬೇಡಿಕೊಂಡಳು. “ಸರ್, ಒಂದೇ ಹಾಡಿಗೆ ಬನ್ನಿ. ನೀವು ಕಾಯೋದಾದ್ರೆ ನಾವೂ ಕಾಯ್ತೀವಿ. ಕಾಯೋದನ್ನ ನೀವೇ ಅಲ್ವಾ ಕಲಿಸಿದ್ದು? ಆಮೇಲೆ ವಾರಕ್ಕೊಂದು ಸಲ ಬಂದು ಮಕ್ಕಳಿಗೆ ಹೇಳಿಕೊಡಿ.” ತಮ್ಮ ಬೇಡ ಬೇಡ ಎನ್ನುತ್ತಲೇ ಒಪ್ಪಿದ. ಅವಳು ಹೋದ ಮೇಲೆ ನನಗೆ ಹೇಳಿದ: “ನಿಲ್ಲಿಸಿದ ಮೇಲೆ ತಿರುಗಿ ಒಳಗೆ ಬರೋದು ಇದೆಯಲ್ಲ, ಅದು ಜನರ ಮುಂದೆ ಒಂದು ಸಲ ಆಗ್ಬೇಕು ಅಕ್ಕ. ಆಯ್ತು ಅಂದ್ರೆ ಪಾಠಕ್ಕೂ ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ಗಿಟಾರು ಅವಳಿಗೇ ಕೊಟ್ಬಿಡ್ತೀನಿ, ಯಾರಾದ್ರೂ ನುಡಿಸ್ಲಿ.” ಆ ಸಂಜೆ ನಿಮ್ಮ ಸಭಾಂಗಣದಲ್ಲಿ ಪಣಕ್ಕಿದ್ದದ್ದು ಇದು, ಮಾನ್ಯರೇ. ನಿಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ‘ಅತಿಥಿ ಕಲಾವಿದರ ವಾದನ, ನಂತರ ಸ್ಮರಣಿಕೆ’ ಎಂದಷ್ಟೇ ಇತ್ತು.

ಸ್ವಾಗತ ಭಾಷಣ ನೆನಪಿದೆಯೇ? ನಿರೂಪಕರು ನನ್ನ ತಮ್ಮನ ಸಂಗೀತದ ಬಗ್ಗೆ ಒಂದು ವಾಕ್ಯ ಹೇಳಿದರು, ಕಾಯಿಲೆಯ ಬಗ್ಗೆ ಒಂದು ಪ್ರಬಂಧವನ್ನೇ ಓದಿದರು. ಎಡಭಾಗ, ಆಸ್ಪತ್ರೆ, ಛಲ, ಸ್ಫೂರ್ತಿ, ಒಂದನ್ನೂ ಬಿಡಲಿಲ್ಲ. ಅವನು ತಂತಿ ಮುಟ್ಟುವ ಮೊದಲೇ ನನ್ನ ಪಕ್ಕದ ಹೆಂಗಸು ಕರವಸ್ತ್ರ ತೆಗೆದಾಗಿತ್ತು. ಕೇಳಲು ಬಂದವರನ್ನು ಮರುಗಲು ತಯಾರು ಮಾಡಿ ಕೂರಿಸಿದ್ದಿರಿ. ಸುಮ್ಮನಾದ ಮನುಷ್ಯ ಸೋತ ಮನುಷ್ಯ ಎಂದು ಆ ಜನ ತಿಳಿದುಕೊಂಡರೆ ತಪ್ಪು ಅವರದೇ?

ಅವನು ಚೆನ್ನಾಗಿ ನುಡಿಸಿದ. ಅಕ್ಕ ಅಂತ ಹೇಳುತ್ತಿಲ್ಲ. ಮೊದಲ ಸುತ್ತು ಕಡಿಮೆ ಮಾತು, ಎರಡನೆಯದರಲ್ಲಿ ಇನ್ನೂ ಕಡಿಮೆ, ಆದರೆ ಒಂದೊಂದೂ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ಆಮೇಲೆ ನಿಲ್ಲಿಸಿದ. ಪಿಯಾನೋದವಳು ಕೈ ಹಗುರ ಮಾಡಿದಳು. ಡ್ರಮ್ ನುಡಿಸುವ ಹುಡುಗನಿಗೆ ಅಲ್ಲಿ ‘ಗಡಿಯಾರ’ ಎಂದೇ ಅಡ್ಡಹೆಸರು. ಅವನು ಕಡ್ಡಿ ಇಟ್ಟು ತಂತಿಯೆಳೆಗಳ ಬ್ರಷ್ ತೆಗೆದುಕೊಂಡು ಸವರುವಷ್ಟು ಮೆಲ್ಲಗೆ ಸುತ್ತು ನಡೆಸಿದ. ತಮ್ಮನ ಬೆರಳುಗಳು ತಂತಿಯ ಮೇಲೆ ಒಂದೊಂದಾಗಿ ಇಳಿಯುತ್ತಿದ್ದವು. ನಾನು ಅವನ ಮುಖ ನೋಡಲಿಲ್ಲ, ಬೂಟು ನೋಡುತ್ತಿದ್ದೆ. ಹಿಮ್ಮಡಿ ಎದ್ದಿತು. ಮುಂದಿನ ಸಾಲಿನಲ್ಲಿ ತಾವೂ ಎದ್ದಿರಿ.

ಆಮೇಲಿನದು ನಿಮಗೆ ಗೊತ್ತು, ನಿಮ್ಮದೇ ಭಾಷಣ. “ಕೈ ಸೋತರೂ ಮನಸ್ಸು ಸೋಲದ ಈ ಸಾಧಕರಿಗೆ ಜೋರಾದ ಚಪ್ಪಾಳೆ.” ಸಭೆ ಎದ್ದು ನಿಂತು ತಟ್ಟಿತು. ಗಾಜಿನ ಸ್ಮರಣಿಕೆಯನ್ನು ಅವನ ಮುಂದೆ ಚಾಚಿದಿರಿ. ಅದನ್ನು ತೆಗೆದುಕೊಳ್ಳಲು ಅವನು ತಂತಿಯ ಮೇಲಿಂದ ಬೆರಳು ತೆಗೆಯಲೇಬೇಕಾಯಿತು. ಗಡಿಯಾರ ಮಾತ್ರ ಆ ಗದ್ದಲದಲ್ಲೂ ತಲೆ ತಗ್ಗಿಸಿಕೊಂಡು ಬ್ರಷ್ ಆಡಿಸುತ್ತಲೇ ಇದ್ದ, ತಮ್ಮ ಇನ್ನೂ ತಲೆಯಾಡಿಸಿರಲಿಲ್ಲವಲ್ಲ. ಕೊನೆಗೆ ನಿರ್ದೇಶಕಿಯೇ ಬೇಡ ಎಂದು ಕೈಸನ್ನೆ ಮಾಡಿದಳು.

ಇಲ್ಲಿಯ ತನಕ ಬೈದದ್ದಾಯಿತು. ಈಗ ನನ್ನ ಪಾಡು ಕೇಳಿ. ತಾವು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ನಿಮ್ಮದು ಕರುಣೆ. ಪಾಪ, ಮನುಷ್ಯ ನಡುವೆ ಸಿಕ್ಕಿಹಾಕಿಕೊಂಡ, ಮರ್ಯಾದೆ ಉಳಿಸೋಣ ಎಂದು ಓಡಿ ಬಂದಿರಿ. ಕರುಣೆಯ ಮೇಲೆ ದೂರು ಕೊಡುವುದು ಹೇಗೆ? ನಿಮ್ಮ ಆಪ್ತ ಸಹಾಯಕರಿಗೂ ಅದೇ ತೊಡಕು. “ಮೇಡಂ, ದೂರು ಯಾವುದರ ಕೆಳಗೆ ಹಾಕ್ಲಿ? ಧ್ವನಿವರ್ಧಕ, ಆಸನ, ಶೌಚಾಲಯ, ಪಾರ್ಕಿಂಗ್, ಇಷ್ಟೇ ಇರೋದು. ಎಲ್ರೂ ಚೆನ್ನಾಗಿತ್ತು ಅಂದ್ರು. ಎಷ್ಟೋ ಜನ ಅತ್ತೇಬಿಟ್ರಂತೆ.” ಅತ್ತರು, ಹೌದು. ಅದನ್ನೇ ಹೇಳಲು ಬಂದಿದ್ದೇನೆ ಅಂದೆ. ಅವರು ಧ್ವನಿವರ್ಧಕದ ಕೆಳಗೆ ಬರೆದುಕೊಂಡರು.

ನನ್ನ ಅಂಗಡಿಯಲ್ಲಿ ಮಸೂರ ಬದಲಿಸುತ್ತಾ ‘ಹೀಗೆ ಚೆನ್ನಾಗಿ ಕಾಣುತ್ತಾ, ಮೊದಲು ಚೆನ್ನಾಗಿತ್ತಾ?’ ಎಂದು ಕೇಳಿ ಸುಮ್ಮನೆ ನಿಲ್ಲುತ್ತೇನೆ. ಗಿರಾಕಿ ತಡವರಿಸುತ್ತಾನೆ. ವಯಸ್ಸಾದವರಂತೂ ತಪ್ಪು ಹೇಳಿಬಿಟ್ಟೇವು ಎಂದು ಬೆವರುತ್ತಾರೆ. ಪಾಪ ಎಂದು ನಾನೇ ಉತ್ತರ ಹೇಳಿಬಿಡಬಹುದು, ಅವರೂ ಹೂಂ ಎನ್ನುತ್ತಾರೆ. ಆಮೇಲೆ ನನ್ನ ಉತ್ತರವನ್ನು ಮೂಗಿನ ಮೇಲೆ ಏರಿಸಿಕೊಂಡು ಬೀದಿಯಲ್ಲಿ ಎಡವುವವರು ಅವರು. ತಾವು ಮಾಡಿದ್ದೂ ಅದನ್ನೇ. ನನ್ನ ತಮ್ಮನಿಗೆ ಕೇಳಿದ್ದ ಪ್ರಶ್ನೆಗೆ ತಾವು ಉತ್ತರ ಹೇಳಿದಿರಿ. ಸಭೆ ಹೂಂ ಎಂದಿತು.

ಮನೆಗೆ ಬಂದ ಮೇಲೆ ಕೇಳಿಯೇ ಬಿಟ್ಟೆ. “ನಿಜ ಹೇಳೋ, ಒಳಗೆ ಬರ್ತಿದ್ದೆ ತಾನೇ?”

ಸಾಕ್ಸು ಬಿಚ್ಚುತ್ತಾ ಹೇಳಿದ. “ಬೆರಳು ಕೂತಿದ್ವು ಅನ್ಸುತ್ತೆ ಅಕ್ಕ. ಕೂತಿರ್ಲಿಲ್ವೋ ಏನೋ. ಒಂದು ಕ್ಷಣ ಬಿಟ್ಟಿದ್ರೆ ನಂಗೇ ಗೊತ್ತಾಗ್ತಿತ್ತು. ಹೋಗ್ಲಿ ಬಿಡು, ಅವರು ಒಳ್ಳೆಯವರು.”

ನನ್ನ ಸಂಕಟ ಇದು. ಅವನು ಸೋತಿದ್ದರೆ ಸೋತೆ ಎಂದು ಗೊತ್ತಾಗುತ್ತಿತ್ತು, ಒಂದಷ್ಟು ದಿನ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ, ನಾನು ಬೈದು ಎಬ್ಬಿಸುತ್ತಿದ್ದೆ. ಗೆದ್ದಿದ್ದರೆ ಈಗ ನಿಮ್ಮ ನೆಲಮಾಳಿಗೆಯಲ್ಲಿ ಮಕ್ಕಳ ಮೇಲೆ ರೇಗುತ್ತಿರುತ್ತಿದ್ದ. ಎರಡೂ ಆಗಲಿಲ್ಲ. ಗಿಟಾರನ್ನು ಅವಳಿಗೆ ಕೊಟ್ಟೂ ಇಲ್ಲ, ಪೆಟ್ಟಿಗೆ ತೆರೆದೂ ಇಲ್ಲ. ಇನ್ನೊಂದು ಸಲ ನುಡಿಸು ಎಂದರೆ ನಗುತ್ತಾನೆ. ನಿರ್ದೇಶಕಿ ಎರಡು ಸಲ ಬಂದು ಹೋದಳು. ವೃಂದ ಅಭ್ಯಾಸದಲ್ಲಿ ಆ ಹಾಡು ಬಂದಾಗಲೆಲ್ಲ ಅವನ ಕುರ್ಚಿ ಹಾಕಿ, ಆ ಜಾಗ ಬಂದಾಗ ಸುತ್ತನ್ನು ಖಾಲಿ ನಡೆಸುತ್ತದಂತೆ. ಅವನಿಗೆ ಹೇಳಿದೆ. “ಒಳ್ಳೆ ಮಕ್ಕಳು” ಅಂದ. ಪೇಪರು ತಿರುವಿದ.

ಇಷ್ಟಕ್ಕೇ ಬಿಟ್ಟಿದ್ದರೆ ನಾನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ತಾವು ಧ್ವನಿಮುದ್ರಣವನ್ನು ವಿಶ್ವವಿದ್ಯಾಲಯದ ಜಾಲತಾಣಕ್ಕೆ ಹಾಕಿದಿರಿ. ಕೇಳಿದೆ. ತಮ್ಮ ನುಡಿಸುತ್ತಾನೆ, ಕೊನೆಯ ಸ್ವರ, ಕೂಡಲೇ ಚಪ್ಪಾಳೆ. ಅವನು ಸುಮ್ಮನಿದ್ದ ಜಾಗವೇ ಇಲ್ಲ. ನನ್ನ ಕಿವಿಯದೇ ತಪ್ಪೇನೋ ಎಂದು ನಿಮ್ಮ ಧ್ವನಿಮುದ್ರಣ ಕೋಣೆಗೇ ಹೋದೆ. ಅಲ್ಲಿದ್ದ ತಂತ್ರಜ್ಞರು ಕೊರಳಿಗೆ ಹೆಡ್‌ಫೋನ್ ನೇತುಹಾಕಿಕೊಂಡು ಸಮೋಸದ ಪುಡಿ ಒರೆಸಿಕೊಳ್ಳುವವರ ಹಾಗೆ ನಿರಾಳವಾಗಿ ಹೇಳಿದರು: “ಅಲ್ಲಿ ಖಾಲಿ ಇತ್ತು ಮೇಡಂ, ಕತ್ತರಿಸ್ಬಿಟ್ಟೆ. ಇಲ್ಲಾಂದ್ರೆ ಕೇಳೋರು ನೆಟ್ ಹೋಯ್ತು ಅಂದ್ಕೋತಾರೆ. ಮೂಲ ಇದೆ, ಅಳಿಸಿಲ್ಲ. ಸಾಹೇಬ್ರು ಒಂದು ಮಾತು ಹೇಳಿದ್ರೆ ಈಗ್ಲೇ ಹಾಕ್ತೀನಿ.” ಮೊದಲು ಆ ಮೌನದೊಳಕ್ಕೆ ಕಾಲಿಟ್ಟಿರಿ, ಆಮೇಲೆ ಅದು ಇತ್ತು ಎಂಬುದಕ್ಕೂ ಸಾಕ್ಷಿ ಇಲ್ಲದ ಹಾಗೆ ಮಾಡಿದಿರಿ. ಇನ್ನು ನೂರು ವರ್ಷ ಬಿಟ್ಟು ಕೇಳುವವರಿಗೂ ನನ್ನ ತಮ್ಮ ಮುಗಿಸಿದ್ದಾನೆ.

ಹಾಗಾದರೆ ನನಗೆ ಏನು ಬೇಕು? ಕ್ಷಮೆ ಬೇಡ. ಕ್ಷಮೆ ಕೇಳಲು ತಾವು ಇನ್ನೊಂದು ಸಮಾರಂಭ ಇಡುವಿರಿ, ಇನ್ನೊಂದು ಗಾಜಿನ ಸ್ಮರಣಿಕೆ ಬರುತ್ತದೆ, ಮೊದಲನೆಯದಕ್ಕೇ ಮನೆಯಲ್ಲಿ ಜಾಗವಿಲ್ಲ. ಕಾರ್ಯಕ್ರಮವನ್ನು ಮತ್ತೆ ನಡೆಸಿ ಎಂದೂ ಕೇಳುವುದಿಲ್ಲ. ಆ ಕ್ಷಣವನ್ನು ವಾಪಸ್ ಕೊಡುವ ಅಧಿಕಾರ ನಿಮ್ಮ ಪದವಿಗೂ ಇಲ್ಲ, ನನ್ನ ಬಾಯಿಗೂ ಇಲ್ಲ. ನನ್ನ ಬೇಡಿಕೆ ಒಂದೇ. ಕತ್ತರಿಸಿದ್ದನ್ನು ತಿರುಗಿ ಹಾಕಿಸಿ. ಪಿಯಾನೋದವಳು ಕೈ ಹಗುರ ಮಾಡಿದ್ದು, ಗಡಿಯಾರನ ಬ್ರಷ್ಷು, ನನ್ನ ತಮ್ಮನದು ಏನೂ ಇಲ್ಲದ್ದು, ಎಲ್ಲವೂ ಇರಲಿ. ವೇದಿಕೆಯ ಮೆಟ್ಟಿಲ ಮೇಲೆ ನಿಮ್ಮ ಬೂಟಿನ ಸದ್ದು ಬರುತ್ತದಲ್ಲ, ಅಲ್ಲಿಗೆ ಮುದ್ರಣವನ್ನು ನಿಲ್ಲಿಸಿ. ಚಪ್ಪಾಳೆ ಬೇಡ.

ಈ ಹಟ ಯಾಕೆ ಎಂದು ಕೇಳುವಿರಾದರೆ, ಹೋದ ಭಾನುವಾರದ ಮಾತು. ನಾನು ಪಕ್ಕದ ಕೋಣೆಯಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದೆ, ನಡುವಿನ ಬಾಗಿಲು ತೆರೆದಿತ್ತು. ಕಿಟಕಿಯ ಹತ್ತಿರ ಕೂತಿದ್ದ ತಮ್ಮ, ನಾನಿಲ್ಲ ಎಂದುಕೊಂಡು, ಆ ಮುದ್ರಣ ಹಾಕಿದ. ಕೈ ಎರಡೂ ಮಡಿಲಲ್ಲಿದ್ದವು. ಕೊನೆಯ ಸ್ವರ ಬಂತು. ಅವನ ಹಿಮ್ಮಡಿ ನೆಲದಿಂದ ಎದ್ದಿತು. ಚಪ್ಪಾಳೆ ಬಂತು. ಹಿಮ್ಮಡಿ ಮೆಲ್ಲಗೆ ಕೆಳಗಿಳಿಯಿತು. ಅವನು ಮತ್ತೆ ಮೊದಲಿನಿಂದ ಹಾಕಿದ. ಮತ್ತೆ ಎದ್ದಿತು. ಮತ್ತೆ ಇಳಿಯಿತು. ನಾನು ದಿಂಬಿನ ಚೀಲ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ. ಆ ಕಾಲಿಗೆ ಬಂದು ನಿಲ್ಲಲು ಒಂದಿಷ್ಟು ಖಾಲಿ ಜಾಗ ಬೇಕು, ಮಾನ್ಯರೇ. ಅದು ನಿಮ್ಮ ಕೋಣೆಯೊಂದರಲ್ಲಿ ಸುಮ್ಮನೆ ಬಿದ್ದಿದೆ.

ಇಂತಿ,
ನೀವು ಎದ್ದಾಗ ಕೈಹಿಡಿದು ಕೂರಿಸಲಾಗದಷ್ಟು ಹಿಂದಿನ ಸಾಲಿನಲ್ಲಿದ್ದ,
ಗಿಟಾರಿನವನ ಅಕ್ಕ